ಕೋಣೆಯ ಅಳತೆಗೆ ತಕ್ಕ ಸ್ಪೀಕರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು. ಮನೆಯ ಒಂದು ಕೋಣೆಯನ್ನು ಹೋಂ ಥಿಯೇಟರ್‌ಗೆ ಮೀಸಲಿಟ್ಟಿದ್ದೇವೆ, ಅದರ ಅಳತೆಗೆ ಯಾವ ಸ್ಪೀಕರ್ ಹೊಂದುತ್ತದೆ ಎಂಬುದು ಅವುಗಳ ಸಾರ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲ ಉತ್ತರ ದೀರ್ಘವಾಗಿದೆ. ಮುಂದಿನ ಉತ್ತರಗಳು ಅದನ್ನೇ ಆಧರಿಸಿರುವುದರಿಂದ ದಯವಿಟ್ಟು ಅದನ್ನು ಬಿಟ್ಟು ಓದಬೇಡಿ.

ಪ್ರಶ್ನೆ: ನಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವಿದೆ. ಪರದೆ 10 ಅಡಿಯ ಗೋಡೆಯ ಮೇಲಿದ್ದು, ಸೋಫಾ ಎದುರುಗೋಡೆಗೆ ತಾಗಿಕೊಂಡಿದೆ. ಎತ್ತರದ ಟವರ್ ಸ್ಪೀಕರ್‌ಗಳನ್ನು ಇಡಬೇಕೆಂಬುದು ಬಹುದಿನದ ಆಸೆ. ಇಷ್ಟು ಚಿಕ್ಕ ಕೋಣೆಗೆ ಸ್ಟ್ಯಾಂಡಿನ ಮೇಲೋ ಗೋಡೆಗೋ ಕೂರಿಸುವ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಸಾಕು ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಗೆಳೆಯರ ಮಾತು ಕೇಳಿ, ಆದರೆ ಚಿಕ್ಕ ಕೋಣೆಗೆ ಚಿಕ್ಕ ಸ್ಪೀಕರ್ ಎಂಬ ಸರಳ ಲೆಕ್ಕ ಅದರ ಕಾರಣವಲ್ಲ. ಕೋಣೆಗೂ ಸ್ಪೀಕರಿಗೂ ಇರುವ ಸಂಬಂಧದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಸ್ಪೀಕರಿನಿಂದ ನೀವು ಎಷ್ಟು ದೂರ ಕೂರುತ್ತೀರಿ ಎಂಬುದು ಧ್ವನಿ ಎಷ್ಟು ಜೋರಾಗಿರಬೇಕು ಎಂಬುದನ್ನು ನಿರ್ಧರಿಸುತ್ತದೆ. ಕೋಣೆಯ ಒಟ್ಟು ಘನ ಅಳತೆ ಮತ್ತು ಗೋಡೆಗಳ ನಡುವಿನ ಅಂತರಗಳು ಬೇಸ್, ಅಂದರೆ ತಗ್ಗು ಸ್ವರದ ಧ್ವನಿ, ಹೇಗೆ ಕೇಳಿಸುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪು ಖರೀದಿಗಳು ಆಗುತ್ತವೆ.

ಮೊದಲು ದೂರದ ವಿಷಯ. ನಿಮ್ಮ ಕೋಣೆಯ ಘನ ಅಳತೆ 1200 ಘನ ಅಡಿ. ಟಿಎಚ್‌ಎಕ್ಸ್ ಸಂಸ್ಥೆಯು ಮನೆಯ ಸಲಕರಣೆಗಳಿಗೆ ಕೊಡುವ ಪ್ರಮಾಣಪತ್ರದ ವರ್ಗಗಳನ್ನು ನೋಡಿದರೆ, ‘ಕಾಂಪ್ಯಾಕ್ಟ್’ ವರ್ಗ ಸುಮಾರು 1000 ಘನ ಅಡಿಯ ಕೋಣೆ ಮತ್ತು 8 ಅಡಿಯ ಆಸನದೂರಕ್ಕೆ, ‘ಸೆಲೆಕ್ಟ್’ ವರ್ಗ 2000 ಘನ ಅಡಿ ಮತ್ತು 10 ಅಡಿಗೆ, ‘ಅಲ್ಟ್ರಾ’ ವರ್ಗ 3000 ಘನ ಅಡಿ ಮತ್ತು 12 ಅಡಿಗೆ, ‘ಡಾಮಿನಸ್’ ವರ್ಗ 6500 ಘನ ಅಡಿ ಮತ್ತು 20 ಅಡಿಗೆ ಎಂದಿದೆ. ನೀವು ಮೊದಲ ಎರಡರ ನಡುವೆ ಇದ್ದೀರಿ. ಆ ಮುದ್ರೆ ಇರುವ ಸ್ಪೀಕರನ್ನೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಕೋಣೆ ಯಾವ ಗಾತ್ರದ ಸಾಲಿಗೆ ಸೇರುತ್ತದೆಂದು ತಿಳಿಯಲು ಈ ವಿಂಗಡಣೆ ಅನುಕೂಲ. ಎಂಟು ಅಡಿ ದೂರದಿಂದ ಕೇಳುವವರಿಗೆ 5 ರಿಂದ 6.5 ಇಂಚಿನ ವೂಫರ್ (ತಗ್ಗು ಸ್ವರಗಳನ್ನು ನುಡಿಸುವ ಭಾಗ) ಇರುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಬೇಕಾದಷ್ಟು ಜೋರಾಗಿ, ಒಡೆಯದೆ ನುಡಿಯುತ್ತದೆ.

ಇನ್ನು ಟವರಿನ ವಿಷಯ. ಟವರ್ ಸ್ಪೀಕರಿನ ಹೆಚ್ಚುಗಾರಿಕೆ ಮುಖ್ಯವಾಗಿ ಬೇಸ್‌ನಲ್ಲಿದೆ. ಆದರೆ ಹೋಂ ಥಿಯೇಟರಿನಲ್ಲಿ ಬೇಸ್‌ಗೆಂದೇ ಇರುವ ಪ್ರತ್ಯೇಕ ಪೆಟ್ಟಿಗೆ, ಅಂದರೆ ಸಬ್‌ವೂಫರ್, ಇದ್ದೇ ಇರುತ್ತದೆ, ಮತ್ತು ಎಲ್ಲ ಸ್ಪೀಕರ್‌ಗಳಿಗೆ ಧ್ವನಿ ಹಂಚುವ ರಿಸೀವರಿನ ಹೊಂದಾಣಿಕೆಯಲ್ಲಿ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಕೆಳಗಿನ ಧ್ವನಿಯನ್ನೆಲ್ಲ ಅದಕ್ಕೇ ಕಳುಹಿಸಲಾಗುತ್ತದೆ. ಹಾಗಿರುವಾಗ ಟವರಿನ ಕೆಳಗಿನ ವೂಫರ್‌ಗಳಿಗೆ ಆಳದ ಬೇಸ್ ನುಡಿಸುವ ಕೆಲಸವೇ ಇರುವುದಿಲ್ಲ. ಟವರನ್ನು ಪೂರ್ಣ ವ್ಯಾಪ್ತಿಯಲ್ಲಿ ನುಡಿಸಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ: 10 ಅಡಿ ಅಗಲದ ಕೋಣೆಯಲ್ಲಿ ಅದು ಮೂಲೆಯ ಹತ್ತಿರವೇ ನಿಲ್ಲಬೇಕು, ಮೂಲೆ ಬೇಸನ್ನು ಉಬ್ಬಿಸುತ್ತದೆ, ಮಾತು ಆ ಉಬ್ಬಿನಡಿ ಮಸುಕಾಗುತ್ತದೆ. ಹಿಂದೊಮ್ಮೆ ಇಂಥದೇ ಕೋಣೆಯಲ್ಲಿ ಟವರ್ ಜೋಡಿಯೊಂದನ್ನು ತಂದಿಟ್ಟು, ಕೊನೆಗೆ ಬೇಸ್ ಹೆಚ್ಚಿಸಲೆಂದು ಅವುಗಳ ಹಿಂಬದಿಯಲ್ಲಿರುವ ರಂಧ್ರಗಳಿಗೆ ಸ್ಪಂಜು ತುರುಕಿ ನಾನು ಕೇಳಬೇಕಾಯಿತು. ಕೊಟ್ಟ ಹಣದಲ್ಲಿ ಒಂದು ಪಾಲನ್ನು ಸ್ಪಂಜಿನಿಂದ ಮುಚ್ಚಿದಂತೆ! ಆದರೂ ಟವರ್ ಪರವಾಗಿ ಒಂದು ಮಾತು ಹೇಳಲೇಬೇಕು: ಬುಕ್‌ಶೆಲ್ಫ್ ಸ್ಪೀಕರನ್ನು ಸ್ಟ್ಯಾಂಡಿನ ಮೇಲೆ ಇಟ್ಟರೆ ನೆಲದ ಮೇಲೆ ಅದೂ ಟವರಿನಷ್ಟೇ ಜಾಗ ಹಿಡಿಯುತ್ತದೆ. ಜಾಗ ಉಳಿಯುತ್ತದೆ ಎಂಬ ಕಾರಣಕ್ಕಷ್ಟೇ ಬುಕ್‌ಶೆಲ್ಫ್ ಆರಿಸುವವರು ಅದನ್ನು ಗೋಡೆಗೆ ಕೂರಿಸಬೇಕು, ಹಾಗೆ ಕೂರಿಸುವುದಾದರೆ ರಂಧ್ರ ಮುಂಬದಿಯಲ್ಲಿರುವ ಅಥವಾ ರಂಧ್ರವೇ ಇಲ್ಲದ ಮಾದರಿಯನ್ನು ನೋಡಬೇಕು.

ಈಗ ಬೇಸ್. ಎದುರುಬದುರಾದ ಎರಡು ಗೋಡೆಗಳ ನಡುವೆ ಧ್ವನಿ ಹೋಗಿ ಬರುವಾಗ ಕೆಲವು ಆವೃತ್ತಿಗಳು, ಅಂದರೆ ನಿರ್ದಿಷ್ಟ ಹರ್ಟ್ಸ್‌ನ ಧ್ವನಿಗಳು, ಅಲ್ಲೇ ನಿಂತಂತಾಗಿ ಕೆಲವೆಡೆ ಹೆಚ್ಚಾಗಿ, ಕೆಲವೆಡೆ ಕಡಿಮೆಯಾಗಿ ಕೇಳಿಸುತ್ತವೆ. ಇವೇ ನಿಂತ ಅಲೆಗಳು. ಇವುಗಳಲ್ಲಿ ಮೊದಲನೆಯದನ್ನು ಕಂಡುಹಿಡಿಯಲು 565 ಎಂಬ ಸಂಖ್ಯೆಯನ್ನು ಗೋಡೆಗಳ ನಡುವಿನ ಅಂತರದಿಂದ, ಅಡಿಗಳಲ್ಲಿ, ಭಾಗಿಸಿದರೆ ಸಾಕು. ಧ್ವನಿ ಸೆಕೆಂಡಿಗೆ ಸುಮಾರು 1130 ಅಡಿ ಸಾಗುತ್ತದೆ, ಅದರ ಅರ್ಧವೇ ಈ ಸಂಖ್ಯೆ. ನಿಮ್ಮ ಕೋಣೆಯ ಉದ್ದಕ್ಕೆ 47 ಹರ್ಟ್ಸ್ ಬರುತ್ತದೆ. ಅಗಲ ಮತ್ತು ಎತ್ತರ ಎರಡೂ 10 ಅಡಿ ಇರುವುದರಿಂದ ಎರಡಕ್ಕೂ 56 ಹರ್ಟ್ಸ್ ಬರುತ್ತದೆ. ಎರಡು ಒಂದೇ ಕಡೆ ಬಿದ್ದಿರುವುದರಿಂದ ನಿಮ್ಮ ಕೋಣೆ 56 ಹರ್ಟ್ಸ್‌ನ ಆಸುಪಾಸಿನಲ್ಲಿ ವಿಶೇಷವಾಗಿ ಮೊಳಗುತ್ತದೆ ಎಂದು ಸ್ಪೀಕರ್ ತರುವ ಮೊದಲೇ ಹೇಳಬಹುದು. ಹಿಂದಿನ ಗೋಡೆಗೆ ತಾಗಿ ಕುಳಿತವರಿಗೆ ಉದ್ದದ ದಿಕ್ಕಿನ 47 ಹರ್ಟ್ಸ್‌ನ ಮೊಳಗೂ ಅತಿ ಹೆಚ್ಚು, ಏಕೆಂದರೆ ಗೋಡೆಯ ಬುಡದಲ್ಲಿಯೇ ಒತ್ತಡ ಗರಿಷ್ಠವಾಗಿರುತ್ತದೆ. ಆದ್ದರಿಂದ ಯಾವುದನ್ನೂ ಕೊಳ್ಳುವ ಮೊದಲು ಸೋಫಾವನ್ನು ಎರಡು, ಎರಡೂವರೆ ಅಡಿ ಮುಂದಕ್ಕೆ ಎಳೆಯಿರಿ. ಪೂರ್ತಿ ನಡುಮಧ್ಯಕ್ಕೆ ಎಳೆಯಬೇಡಿ; ಅಲ್ಲಿ 47 ಹರ್ಟ್ಸ್ ಮಾಯವಾಗುತ್ತದೆ.

ಸಬ್‌ವೂಫರಿನಲ್ಲಿ ನಿಮಗೆ 10 ಅಥವಾ 12 ಇಂಚಿನ, ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆಯದು ಹೊಂದುತ್ತದೆ. ಮುಚ್ಚಿದ ಪೆಟ್ಟಿಗೆಯ ಧ್ವನಿ ತನ್ನ ಮಿತಿಗಿಂತ ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಆವೃತ್ತಿ ಅರ್ಧಕ್ಕಿಳಿದಾಗಲೆಲ್ಲ, ಸುಮಾರು 12 ಡೆಸಿಬೆಲ್‌ನಂತೆ (ಡೆಸಿಬೆಲ್ ಧ್ವನಿಯ ಜೋರಿನ ಅಳತೆ) ನಿಧಾನವಾಗಿ ಇಳಿಯುತ್ತದೆ, ರಂಧ್ರವಿರುವ ಪೆಟ್ಟಿಗೆಯದು 24 ಡೆಸಿಬೆಲ್‌ನಂತೆ ಕಡಿದಾಗಿ ಇಳಿಯುತ್ತದೆ. ಇತ್ತ ಚಿಕ್ಕ, ಬಾಗಿಲು ಮುಚ್ಚಿದ ಕೋಣೆಯು ತನ್ನ ಮೊದಲ ನಿಂತ ಅಲೆಗಿಂತ ಕೆಳಗಿನ ಆವೃತ್ತಿಗಳನ್ನು ತಾನಾಗಿಯೇ ಎತ್ತಿಹಿಡಿಯುತ್ತದೆ. ಒಂದರ ಇಳಿತವನ್ನು ಇನ್ನೊಂದರ ಏರಿಕೆ ಬಹುಮಟ್ಟಿಗೆ ತುಂಬಿಕೊಡುತ್ತದೆ. ಚಿಕ್ಕ ಕೋಣೆ ಇರುವವರಿಗೆ ಪುಕ್ಕಟೆಯಾಗಿ ಸಿಗುವ ಲಾಭ ಇದೊಂದೇ, ಅದನ್ನು ಬಿಡಬೇಡಿ.

ಸಬ್‌ವೂಫರನ್ನು ಇಡುವ ಜಾಗವನ್ನು ಹುಡುಕಲು ಹಳೆಯದಾದರೂ ಇಂದಿಗೂ ಸೋಲದ ಉಪಾಯವೊಂದಿದೆ. ಸಬ್‌ವೂಫರನ್ನೇ ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಏರಿಳಿಯುವ ಸಂಗೀತವೊಂದನ್ನು ನುಡಿಸುತ್ತಾ, ಗೋಡೆಗಳ ಪಕ್ಕದಲ್ಲಿ ಮೊಣಕಾಲೂರಿ ನಿಧಾನವಾಗಿ ಸಾಗಿ. ಒಂದು ಕಡೆ ಗುಂಯ್‌ಗುಡುತ್ತದೆ, ಇನ್ನೊಂದು ಕಡೆ ಬೇಸ್ ಒಣಗಿದಂತಿರುತ್ತದೆ, ಎಲ್ಲೋ ಒಂದು ಕಡೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ, ಸಮವಾಗಿ ಕೇಳಿಸುತ್ತದೆ. ಸಬ್‌ವೂಫರಿನ ಜಾಗ ಅದೇ. ಮನೆಯವರು ನಕ್ಕರೆ ನಗಲಿ.

ಮುಂದಿನ ಎಡ ಬಲ ಸ್ಪೀಕರ್‌ಗಳನ್ನು ಪಕ್ಕದ ಗೋಡೆಗಳಿಂದ ಒಂದೂಮುಕ್ಕಾಲು ಅಡಿ ಒಳಗಿಟ್ಟರೆ ಅವುಗಳ ನಡುವೆ ಆರೂವರೆ ಅಡಿ ಉಳಿಯುತ್ತದೆ. ಎಂಟು ಅಡಿಯಿಂದ ನೋಡಿದಾಗ ಪ್ರತಿಯೊಂದೂ ನಡುಗೆರೆಯಿಂದ ಸುಮಾರು 24 ಡಿಗ್ರಿ ಬದಿಗಿರುತ್ತದೆ. ಧ್ವನಿ ತಂತ್ರಜ್ಞಾನದ ಡಾಲ್ಬಿ ಸಂಸ್ಥೆ ಸೂಚಿಸುವುದು 22 ರಿಂದ 30 ಡಿಗ್ರಿ, ಆದ್ದರಿಂದ ಇದು ಸರಿಯಾಗಿದೆ. ಸುತ್ತಲಿನ ಧ್ವನಿಯನ್ನು ನುಡಿಸುವ ಸರೌಂಡ್ ಸ್ಪೀಕರ್‌ಗಳು ನಿಮ್ಮ ಪಕ್ಕದಿಂದ ತುಸು ಹಿಂದೆ, 110 ರಿಂದ 120 ಡಿಗ್ರಿಯಲ್ಲಿ, ಕಿವಿಯ ಮಟ್ಟಕ್ಕಿಂತ ಒಂದೆರಡು ಅಡಿ ಮೇಲಿರಲಿ. ಸೋಫಾ ಗೋಡೆಗೆ ತಾಗಿಯೇ ಇದ್ದರೆ ಈ ಕೋನ ಸಿಗುವುದೇ ಇಲ್ಲ, ಸೋಫಾವನ್ನು ಎಳೆಯಲು ಇದು ಎರಡನೆಯ ಕಾರಣ.

ಪ್ರಶ್ನೆ: ಒಂದು ಸೆಟ್‌ನ ಡಬ್ಬದ ಮೇಲೆ 1000 ವ್ಯಾಟ್ ಎಂದಿದೆ, ಇನ್ನೊಂದು ಆಂಪ್ಲಿಫೈಯರಿನಲ್ಲಿ ಚಾನೆಲ್‌ಗೆ (ಒಂದು ಸ್ಪೀಕರಿಗೆ ಹೋಗುವ ಸಾಲಿಗೆ) 80 ವ್ಯಾಟ್ ಮಾತ್ರ. ಮೊದಲನೆಯದೇ ಜೋರಾಗಿರುತ್ತದೆಯಲ್ಲವೆ?

ಉತ್ತರ: ಅಲ್ಲ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಹೆಚ್ಚಾಗಿ ಎಲ್ಲ ಚಾನೆಲ್‌ಗಳ ಕ್ಷಣಿಕ ಗರಿಷ್ಠವನ್ನು ಒಟ್ಟುಗೂಡಿಸಿದ್ದು. ನೋಡಬೇಕಾದದ್ದು 20 ರಿಂದ 20,000 ಹರ್ಟ್ಸ್‌ವರೆಗೆ, ನಿರಂತರವಾಗಿ, ಕನಿಷ್ಠ ಎರಡು ಚಾನೆಲ್‌ಗಳು ಒಟ್ಟಿಗೆ ನುಡಿಯುವಾಗ ಸಿಗುವ ವ್ಯಾಟ್‌ಗಳನ್ನು. ಅದಕ್ಕಿಂತಲೂ ಮುಖ್ಯವಾದದ್ದು ಸ್ಪೀಕರಿನ ಸಂವೇದಿತೆ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬುದು. ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 80 ವ್ಯಾಟಿನ ಮತ್ತು 100 ವ್ಯಾಟಿನ ಆಂಪ್ಲಿಫೈಯರ್‌ಗಳ ನಡುವಿನ ಅಂತರ ಒಂದು ಡೆಸಿಬೆಲ್‌ನಷ್ಟು, ಅದಕ್ಕಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸಂವೇದಿತೆ 88 ಡೆಸಿಬೆಲ್ ಇರುವ ಸ್ಪೀಕರಿನಿಂದ 8 ಅಡಿ ದೂರ ಕುಳಿತರೆ, ಗೋಡೆಗಳ ಸಹಾಯವೇ ಇಲ್ಲವೆಂದುಕೊಂಡರೂ, ದೂರಕ್ಕಾಗಿ ಸುಮಾರು 8 ಡೆಸಿಬೆಲ್ ಕಳೆಯಬೇಕು; ಒಂದು ವ್ಯಾಟಿಗೆ 80 ಉಳಿಯಿತು. ಸಿನಿಮಾದ ಸ್ಫೋಟವೊಂದಕ್ಕೆ ಕ್ಷಣಮಾತ್ರ 100 ಡೆಸಿಬೆಲ್ ಬೇಕೆಂದರೆ ಇನ್ನೂ 20 ಡೆಸಿಬೆಲ್, ಅಂದರೆ 100 ವ್ಯಾಟ್. ಸಂವೇದಿತೆ 91 ಇದ್ದಿದ್ದರೆ 50 ವ್ಯಾಟಿನಲ್ಲೇ ಕೆಲಸ ಆಗುತ್ತಿತ್ತು. ಚಿತ್ರಮಂದಿರದ ಅಳತೆಗೋಲಿನಲ್ಲಿ ಮುಖ್ಯ ಚಾನೆಲ್‌ಗಳ ಗರಿಷ್ಠ ಮಟ್ಟ 105 ಡೆಸಿಬೆಲ್ ಎಂದಿದ್ದರೂ, ಚಿಕ್ಕ ಕೋಣೆಯಲ್ಲಿ ಅಷ್ಟು ಜೋರನ್ನು ಸಹಿಸುವವರು ಕಡಿಮೆ. ಗೋಡೆಗಳು ಹತ್ತಿರವಿದ್ದಷ್ಟೂ ಅದೇ ಮಟ್ಟ ಕಿವಿಗೆ ಇನ್ನೂ ಕರ್ಕಶವಾಗುತ್ತದೆ.

ಪ್ರಶ್ನೆ: ನಮ್ಮ ಹಾಲ್ 20 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರವಿದೆ, ಒಂದು ಬದಿಯಲ್ಲಿ ಗೋಡೆಯಿಲ್ಲದೆ 14 ಅಡಿಗೆ 12 ಅಡಿಯ ಊಟದ ಜಾಗಕ್ಕೆ ತೆರೆದುಕೊಂಡಿದೆ. ಪರದೆಯಿಂದ 13 ಅಡಿ ದೂರ ಕೂರುತ್ತೇವೆ. 8 ಇಂಚಿನ ಸಬ್‌ವೂಫರ್ ಇರುವ 5.1 ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ತಂದಿದ್ದೇವೆ. ಮಾತು ಪರವಾಗಿಲ್ಲ, ಆದರೆ ಬೇಸ್ ಸ್ವಲ್ಪವೂ ಅನುಭವಕ್ಕೆ ಬರುತ್ತಿಲ್ಲ. ಸೆಟ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಾರದು, ಅದರ ಮೇಲೆ ಹೊರಿಸಿದ ಭಾರ ಹೆಚ್ಚಾಗಿದೆ. ಹಾಲ್ ಮಾತ್ರವೇ 3200 ಘನ ಅಡಿ. ಬೇಸ್‌ಗೆ ತೆರೆದ ಜಾಗವೂ ಕೋಣೆಯ ಭಾಗವೇ, ಅಲ್ಲಿ ಯಾರೂ ಕೂರುವುದಿಲ್ಲ ಎಂಬುದು ಧ್ವನಿಗೆ ತಿಳಿಯುವುದಿಲ್ಲ. ಊಟದ ಜಾಗದ 1680 ಸೇರಿದರೆ 4880 ಘನ ಅಡಿ ಆಗುತ್ತದೆ. ಮೊದಲ ಪತ್ರದ ಕೋಣೆಯ ನಾಲ್ಕು ಪಟ್ಟು ಗಾಳಿಯನ್ನು ನಿಮ್ಮ 8 ಇಂಚಿನ ಸಬ್‌ವೂಫರ್ ಅಲುಗಾಡಿಸಬೇಕು. ತೆರೆದ ಬದಿಯಿಂದಾಗಿ ಮುಚ್ಚಿದ ಕೋಣೆ ಕೊಡುತ್ತಿದ್ದ ಆ ಪುಕ್ಕಟೆ ಏರಿಕೆಯೂ ಇಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ.

ಸಬ್‌ವೂಫರಿನ ಸಾಮರ್ಥ್ಯವೆಂದರೆ ಅದು ತಳ್ಳಬಲ್ಲ ಗಾಳಿಯ ಪ್ರಮಾಣ. 12 ಇಂಚಿನ ಕೋನ್‌ನ ವಿಸ್ತೀರ್ಣ 8 ಇಂಚಿನದರ ಎರಡೂಕಾಲು ಪಟ್ಟು. ಅಷ್ಟೇ ಅಲ್ಲ, ಅದೇ ಜೋರಿನಲ್ಲಿ ಒಂದು ಆಕ್ಟೇವ್ ಕೆಳಗೆ, ಅಂದರೆ 40ರ ಬದಲು 20 ಹರ್ಟ್ಸ್ ನುಡಿಸಬೇಕೆಂದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಮುಂದೆ ಹಿಂದೆ ಸರಿಯಬೇಕಾಗುತ್ತದೆ. ಚಿಕ್ಕ ಸಬ್‌ವೂಫರ್ ಮೊದಲು ಸೋಲುವುದು ಇಲ್ಲಿಯೇ. ನಿಮ್ಮ ಜಾಗಕ್ಕೆ ರಂಧ್ರವಿರುವ 12 ಇಂಚಿನ ಎರಡು ಸಬ್‌ವೂಫರ್‌ಗಳನ್ನು ಸೂಚಿಸುತ್ತೇನೆ. ಸದ್ಯಕ್ಕೆ ಒಂದನ್ನು ತಂದು, ಅದೇ ಮಾದರಿಯ ಇನ್ನೊಂದನ್ನು ಮುಂದೆ ಸೇರಿಸಿಕೊಂಡರೂ ನಡೆಯುತ್ತದೆ. ಹಳೆಯ 8 ಇಂಚಿನದನ್ನು ಮಾತ್ರ ಅದರ ಜೊತೆಗೆ ಓಡಿಸಬೇಡಿ, ತೀರ ಕೆಳಗಿನ ಧ್ವನಿ ಬಂದಾಗ ದೊಡ್ಡದರ ಸಮಕ್ಕೆ ನಿಲ್ಲಲಾರದೆ ಅದು ಕಿರುಚುತ್ತದೆ.

ಮುಂಬದಿಯ ಸ್ಪೀಕರ್‌ಗಳ ವಿಷಯದಲ್ಲೂ ಇಲ್ಲಿ ನನ್ನ ಸಲಹೆ ಬೇರೆ. ನಾಲ್ಕು ಮೀಟರ್ ದೂರಕ್ಕೆ 12 ಡೆಸಿಬೆಲ್ ಕಳೆಯುತ್ತದೆ. ಸಂವೇದಿತೆ 85 ಇರುವ ಪುಟ್ಟ ಸ್ಪೀಕರಿನಿಂದ 100 ಡೆಸಿಬೆಲ್ ಪಡೆಯಬೇಕೆಂದರೆ 500 ವ್ಯಾಟ್ ಬೇಕು, ಅಷ್ಟನ್ನು ಅದು ತಾಳಿಕೊಳ್ಳುವುದೂ ಇಲ್ಲ. 91 ಇರುವುದಕ್ಕೆ ಸುಮಾರು 125 ವ್ಯಾಟ್ ಸಾಕು. ವಾಸ್ತವದಲ್ಲಿ ಗೋಡೆಗಳು ಸ್ವಲ್ಪ ಹಿಂದಿರುಗಿಸುವುದರಿಂದ ಇದಕ್ಕಿಂತ ಕಡಿಮೆಯೇ ಸಾಕಾದೀತು, ಆದರೆ ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಟವರ್ ಸ್ಪೀಕರ್‌ಗಳಿಗೆ ನಿಜವಾದ ಕೆಲಸವಿರುವುದು ನಿಮ್ಮಂಥ ಹಾಲ್‌ನಲ್ಲಿ.

ಪ್ರಶ್ನೆ: 20 ಹರ್ಟ್ಸ್‌ನ ತರಂಗ 56 ಅಡಿ ಉದ್ದವಿರುತ್ತದೆಯಂತೆ. ನನ್ನ 11 ಅಡಿಯ ಕೋಣೆಯಲ್ಲಿ ಅದು ಹಿಡಿಸುವುದೇ ಇಲ್ಲವಾದ್ದರಿಂದ ದೊಡ್ಡ ಸಬ್‌ವೂಫರ್ ವ್ಯರ್ಥವೇ?

ಉತ್ತರ: ತರಂಗದ ಉದ್ದ ಸರಿ, ತೀರ್ಮಾನ ತಪ್ಪು. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್‌ನಲ್ಲಿ ನೀವು ಅದೇ 20 ಹರ್ಟ್ಸ್ ಕೇಳುತ್ತೀರಿ. ಕಿವಿಯ ನಾಳ ಇರುವುದು ಸುಮಾರು ಒಂದು ಇಂಚು ಮಾತ್ರ. ಧ್ವನಿ ಕೇಳಿಸಲು ತರಂಗ ಪೂರ್ತಿಯಾಗಿ ಹಿಡಿಸಬೇಕಿಲ್ಲ, ಕಿವಿಯ ಬಳಿಯ ಗಾಳಿಯ ಒತ್ತಡ ಏರಿಳಿದರೆ ಸಾಕು.

ಪ್ರಶ್ನೆ: ನಮ್ಮದು 12 ಅಡಿಯ ಚೌಕ ಕೋಣೆ, ಎತ್ತರ 9 ಅಡಿ. ಹಿಂದೆ ಕುಳಿತರೆ ಬೇಸ್ ಗುಂಯ್ ಎನ್ನುತ್ತದೆ, ನಡುವೆ ಕುಳಿತರೆ ಬೇಸ್ ಕಾಣೆಯಾಗುತ್ತದೆ. ಎರಡು ಸಲ ಸಬ್‌ವೂಫರ್ ಬದಲಾಯಿಸಿದರೂ ಇದೇ ಕಥೆ.

ಉತ್ತರ: ಮೂರನೆಯ ಸಲ ಬದಲಾಯಿಸಬೇಡಿ. ಉದ್ದ ಅಗಲ ಎರಡೂ ಒಂದೇ ಇರುವುದರಿಂದ 47 ಹರ್ಟ್ಸ್ ನಿಮ್ಮಲ್ಲಿ ಎರಡು ದಿಕ್ಕಿನಿಂದಲೂ ನಿಲ್ಲುತ್ತದೆ: ಗೋಡೆಗಳ ಬಳಿ ಉಬ್ಬು, ನಡುಮಧ್ಯದಲ್ಲಿ ಗುಂಡಿ. ಯಾವ ಸಬ್‌ವೂಫರ್ ತಂದರೂ ಒಂದೇ ಮೂಲೆಯಿಂದ ನುಡಿಸಿದರೆ ಇದೇ ಚಿತ್ರ ಮೂಡುತ್ತದೆ.

ನಿಮಗೆ ಬೇಕಾದದ್ದು ದೊಡ್ಡದೊಂದಲ್ಲ, ಸಾಧಾರಣದ ಎರಡು. ಮುಂದಿನ ಗೋಡೆಯ ಸರಿಮಧ್ಯದಲ್ಲಿ ಒಂದನ್ನು, ಹಿಂದಿನ ಗೋಡೆಯ ಸರಿಮಧ್ಯದಲ್ಲಿ ಇನ್ನೊಂದನ್ನು ಇಡಿ. ಎರಡೂ ಒಟ್ಟಿಗೆ ತಳ್ಳುವುದರಿಂದ ಉದ್ದದ ದಿಕ್ಕಿನ ಮೊದಲ ನಿಂತ ಅಲೆಯನ್ನು ಒಂದು ಇನ್ನೊಂದಕ್ಕೆ ವಿರುದ್ಧವಾಗಿ ಕೆರಳಿಸಿ ಅದು ಏಳದಂತೆ ಮಾಡುತ್ತವೆ; ಅಗಲದ ದಿಕ್ಕಿನಲ್ಲಿ ಎರಡೂ ಆ ಅಲೆಯ ಶೂನ್ಯರೇಖೆಯ (ಒತ್ತಡ ಏರಿಳಿಯದ ಗೆರೆಯ) ಮೇಲೆಯೇ ಕುಳಿತಿರುವುದರಿಂದ ಅದನ್ನು ಕೆರಳಿಸಲಾರವು. ಸ್ಪೀಕರ್ ತಯಾರಿಸುವ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಅವರು 2002ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಆಯತಾಕಾರದ ಕೋಣೆಗಳಲ್ಲಿ ಸಬ್‌ವೂಫರ್‌ಗಳ ಸಂಖ್ಯೆ ಮತ್ತು ಜಾಗಗಳನ್ನು ಹೋಲಿಸಿ, ಎದುರುಗೋಡೆಗಳ ಮಧ್ಯಬಿಂದುಗಳಲ್ಲಿ ಎರಡನ್ನು ಇಡುವುದು ಒಳ್ಳೆಯ ಫಲ ಕೊಡುತ್ತದೆಂದು ತೋರಿಸಿದರು.

ರಿಸೀವರಿನ ಸ್ವಯಂಚಾಲಿತ ಹೊಂದಾಣಿಕೆಯನ್ನು ಆಮೇಲೆ ಓಡಿಸಿ, ಮೊದಲೇ ಅಲ್ಲ. ಅದು ಉಬ್ಬನ್ನು ತಗ್ಗಿಸಬಲ್ಲದು. ಗುಂಡಿಯನ್ನು ತುಂಬಲಾರದು, ಏಕೆಂದರೆ ಅಲ್ಲಿ ಎಷ್ಟು ಶಕ್ತಿ ಸುರಿದರೂ ಹಿಂದಿರುಗಿ ಬಂದ ಅಲೆ ಅಷ್ಟನ್ನೇ ಕಳೆಯುತ್ತದೆ. ಗೋಡೆಗೆ ಒಂದು ಇಂಚಿನ ಫೋಮ್ ಅಂಟಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. 24 ಅಡಿ ಉದ್ದದ ತರಂಗಕ್ಕೆ ಒಂದು ಇಂಚು ಲೆಕ್ಕಕ್ಕೇ ಇಲ್ಲ. ಅದು ಮೇಲಿನ ಸ್ವರಗಳನ್ನಷ್ಟೇ ಹೀರಿ ಕೋಣೆಯನ್ನು ಇನ್ನೂ ಮಂಕಾಗಿಸುತ್ತದೆ.

ಪ್ರಶ್ನೆ: ಸದ್ದು ಜೋರಾಗಿದೆ, ಆದರೆ ಸಂಭಾಷಣೆ ತಿಳಿಯುವುದಿಲ್ಲ. ಇನ್ನೂ ದೊಡ್ಡ ಸೆಂಟರ್ ಸ್ಪೀಕರ್ ಬೇಕೇ?

ಉತ್ತರ: ಗಾತ್ರಕ್ಕೆ ಮೊದಲು ಜಾಗವನ್ನು ನೋಡಿ. ಸೆಂಟರ್ ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿನೊಳಗೆ ತಳ್ಳಿದ್ದರೆ ಗೂಡೇ ನುಡಿಯುತ್ತದೆ. ಅದನ್ನು ಅಂಚಿನವರೆಗೆ ಮುಂದಕ್ಕೆ ತಂದು, ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಭಾಗ) ನಿಮ್ಮ ಕಿವಿಯ ಕಡೆಗೆ ನೋಡುವಂತೆ ತುಸು ಮೇಲಕ್ಕೆ ವಾಲಿಸಿ. ಟ್ವೀಟರಿನ ಎರಡು ಬದಿಗೂ ವೂಫರ್ ಇರುವ ಅಡ್ಡ ಮಾದರಿಗಳಲ್ಲಿ, ಬದಿಯಲ್ಲಿ ಕುಳಿತವರಿಗೆ ಎರಡು ವೂಫರ್‌ಗಳ ಧ್ವನಿ ಬೇರೆ ಬೇರೆ ಕ್ಷಣದಲ್ಲಿ ತಲುಪಿ ಮಾತಿನ ಆವೃತ್ತಿಗಳಲ್ಲೇ ಕೆಲವು ಕುಸಿಯುತ್ತವೆ. ಅಗಲವಾದ ಕೋಣೆಯಲ್ಲಿ ಐದಾರು ಜನ ಕೂರುವುದಿದ್ದರೆ ಮುಂದಿನ ಎಡ ಬಲಗಳಿಗೆ ಬಳಸಿದ ಬುಕ್‌ಶೆಲ್ಫ್ ಸ್ಪೀಕರನ್ನೇ ಮೂರನೆಯದಾಗಿ ನೆಟ್ಟಗೆ ನಿಲ್ಲಿಸುವುದು ಮೇಲು. ಚಿಕ್ಕ ಕೋಣೆಯಲ್ಲಿ ನಡುವೆ ಒಬ್ಬರೇ ಕುಳಿತು ನೋಡುವವರಾದರೆ ಸೆಂಟರ್ ಇಲ್ಲದೆಯೂ ನಡೆಯುತ್ತದೆ, ಎಡ ಬಲಗಳೇ ಮಾತನ್ನು ನಡುವೆ ಮೂಡಿಸುತ್ತವೆ.

ಪ್ರಶ್ನೆ: 11 ಅಡಿಯ ಕೋಣೆಗೆ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ಇರುವ 7.1 ಒಳ್ಳೆಯದೋ, ಚಾವಣಿಯ ಸ್ಪೀಕರ್ ಇರುವ 5.1.2 ಒಳ್ಳೆಯದೋ?

ಉತ್ತರ: 5.1.2. ಹಿಂದಿನ ಜೋಡಿಗೆ ಆಸನದ ಹಿಂದೆ ಮೂರು ನಾಲ್ಕು ಅಡಿಯಾದರೂ ಬೇಕು, ನಿಮ್ಮಲ್ಲಿ ಅದಿಲ್ಲ. ಮೇಲೆ ಜಾಗ ಇದೆ. ಚಾವಣಿಯೊಳಗೆ ಕೂರಿಸುವುದಾದರೆ ಆಸನಕ್ಕಿಂತ ತುಸು ಮುಂದೆ ಕೂರಿಸಿ. ಮೇಲ್ಮುಖವಾಗಿ ನುಡಿದು ಚಾವಣಿಯಿಂದ ಪುಟಿಸುವ ಮಾದರಿಗಳು ಸಮತಟ್ಟಾದ, ಗಟ್ಟಿಯಾದ, ಬಹಳ ಎತ್ತರವಿಲ್ಲದ ಚಾವಣಿ ಇದ್ದಾಗ ಮಾತ್ರ ಕೆಲಸ ಮಾಡುತ್ತವೆ. ಚಾವಣಿಗೆ ಧ್ವನಿ ಹೀರುವ ಹಲಗೆಗಳನ್ನು ಹಾಕಿಸಿದ್ದರೆ ಈ ಮಾದರಿಗಳನ್ನು ಕೊಳ್ಳಬೇಡಿ.